ಶಾರ್ಟ್ ಫೈಂಡರ್ ಕಿಟ್: ಹಾಕಿದ ಫ್ಯೂಸೆಲ್ಲ ಸುಟ್ಟುಹೋಗುವಾಗ

ಪಾರ್ಕಿಂಗ್ ಲೈಟ್ ಹಾಕಿದ ಕ್ಷಣಕ್ಕೇ ನನ್ನ ಕಾರಿನ 10 ಆಂಪಿಯರ್ ಫ್ಯೂಸ್ ಸುಟ್ಟುಹೋಗುತ್ತಿತ್ತು. ಬಲ್ಬುಗಳನ್ನೆಲ್ಲ ಬಿಚ್ಚಿಟ್ಟರೂ ಹೊಸ ಫ್ಯೂಸ್ ನಿಲ್ಲಲಿಲ್ಲ. ಅಂದರೆ ದೋಷ ಬಲ್ಬಿನದಲ್ಲ, ಎಲ್ಲೋ ವೈರು ಕಾರಿನ ತಗಡಿಗೆ ತಾಗಿ ಶಾರ್ಟ್ ಆಗುತ್ತಿದೆ. ಇಷ್ಟು ಖಚಿತವಾದ ಮೇಲೆಯೇ ಶಾರ್ಟ್ ಆದ ಜಾಗ ಹುಡುಕುವ ಈ ಕಿಟ್ ಕೈಗೆತ್ತಿಕೊಳ್ಳಬೇಕು.

ಇದರಲ್ಲಿರುವುದು ಎರಡೇ ವಸ್ತು. ಒಂದು, ಫ್ಯೂಸಿನ ಜಾಗದಲ್ಲಿ ಕೂರುವ ಬ್ರೇಕರ್. ಶಾರ್ಟ್ ಇದ್ದಾಗ ಬಿಸಿಯಾಗಿ ಕರೆಂಟ್ ಕಡಿಯುತ್ತದೆ, ತಣಿದು ಮತ್ತೆ ಕೂಡಿಕೊಳ್ಳುತ್ತದೆ. ಇನ್ನೊಂದು, ದಿಕ್ಸೂಚಿಯಂಥ ಮುಳ್ಳಿನ ಮೀಟರ್. ಕರೆಂಟ್ ಹರಿದಾಗಲೆಲ್ಲ ವೈರಿನ ಸುತ್ತ ಕಾಂತಕ್ಷೇತ್ರ ಹುಟ್ಟುವುದರಿಂದ, ಕಾರ್ಪೆಟ್ಟಿನ ಮೇಲಿಂದಲೇ ಮುಳ್ಳು ಟಕ್ಕನೆ ವಾಲುತ್ತದೆ. ಶಾರ್ಟ್ ಆದ ಜಾಗ ದಾಟಿದರೆ ವಾಲುವುದಿಲ್ಲ.

ಬಾಗಿಲಂಚಿನ ವೈರಿಂಗ್ ಉದ್ದಕ್ಕೂ ಮೀಟರ್ ಹಿಡಿದು ಹಿಂದಕ್ಕೆ ಹೋದೆ. ಡಿಕ್ಕಿ ಬಾಗಿಲಿನ ಹಿಂಜ್ ತನಕ ಮುಳ್ಳು ಸ್ಪಷ್ಟವಾಗಿ ಆಡಿತು, ಆಚೆ ಸತ್ತಂತೆ ನಿಂತಿತು. ಅಲ್ಲಿನ ರಬ್ಬರ್ ಕೊಳವೆ ಸರಿಸಿದರೆ, ನಂಬರ್ ಪ್ಲೇಟ್ ಲೈಟಿನ ವೈರು ಮಡಚಿ ಮಡಚಿ ಸಿಪ್ಪೆ ಒಡೆದು, ತಾಮ್ರ ತಗಡಿಗೆ ಅಂಟಿಕೊಂಡಿತ್ತು. ಸೀಟು, ಕಾರ್ಪೆಟ್ ಯಾವುದನ್ನೂ ಕೀಳಬೇಕಾಗಲಿಲ್ಲ. ಈ ಒಂದು ಕೆಲಸಕ್ಕೇ ಕಿಟ್ ನನಗೆ ಬಹಳ ಇಷ್ಟವಾಯಿತು.

ಆದರೆ ಸ್ಪೀಕರ್ ಹತ್ತಿರ ಹೋದರೆ ಅದರ ಆಯಸ್ಕಾಂತವೇ ಮುಳ್ಳನ್ನು ಎಳೆದುಬಿಡುತ್ತದೆ. ಕರೆಂಟ್ ಹೋಗುವ ಮತ್ತು ವಾಪಸ್ ಬರುವ ವೈರುಗಳು ಒಂದೇ ಕಟ್ಟಿನಲ್ಲಿ ಅಂಟಿಕೊಂಡಿದ್ದರೂ ಕಷ್ಟ, ಎರಡರ ಕ್ಷೇತ್ರ ಪರಸ್ಪರ ರದ್ದಾಗುತ್ತದೆ. ಕಾರು ರಸ್ತೆಗುಂಡಿಯಲ್ಲಿ ಕುಲುಕಿದಾಗ ಮಾತ್ರ ತಾಗುವ ವೈರಿಗಂತೂ ಇದು ಪ್ರಯೋಜನವಿಲ್ಲ. ಅದಕ್ಕೆ ಫ್ಯೂಸಿನ ಜಾಗದಲ್ಲಿ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಜೋಡಿಸಿ ವೈರುಗಳನ್ನು ಒಂದೊಂದಾಗಿ ಅಲುಗಾಡಿಸುವುದೇ ವಾಸಿ. ಬಲ್ಬ್ ಸುಮಾರು 4.5 ಆಂಪಿಯರಿಗಿಂತ ಹೆಚ್ಚು ಹರಿಯಗೊಡುವುದಿಲ್ಲ. ವೈರು ತಾಗಿದೊಡನೆ ಪ್ರಖರವಾಗಿ ಉರಿಯುತ್ತದೆ.

ಬ್ರೇಕರ್ ಕೂಡಿಕೊಂಡಾಗಲೆಲ್ಲ ಶಾರ್ಟಿನ ಪೂರ್ತಿ ಕರೆಂಟ್ ವೈರಿನಲ್ಲಿ ನುಗ್ಗುತ್ತದೆ. ಹಾಗಾಗಿ ಮೂಲ ಫ್ಯೂಸಿಗಿಂತ ದೊಡ್ಡ ಬ್ರೇಕರ್ ಬೇಡ, ಹಾಕಿ ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದೂ ಬೇಡ, ವೈರು ಬಿಸಿಯಾಗುತ್ತದೆ. ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ಇದನ್ನು ಬಳಸಲೇಬಾರದು. ನನಗೆ ಬಂದ ಪೆಟ್ಟಿಗೆಯ ಸೂಚನಾ ಹಾಳೆಯಲ್ಲಿ ಈ ಮಾತು ಎಲ್ಲೂ ಇಲ್ಲ. ದಪ್ಪ ಅಕ್ಷರದಲ್ಲಿ ಇರಬೇಕಿತ್ತು.