ಕೊಪ್ಪಳದ ಗೇರ್‌ಬಾಕ್ಸ್ ವರ್ಕ್‌ಶಾಪ್: ಲೋಡ್ ಬೆಂಚ್ ಗಟ್ಟಿ, ರಿಪೋರ್ಟ್ ಮಾತ್ರ ಕೇಳಿ ಪಡೆಯಬೇಕು

ಕುಷ್ಟಗಿ, ಯಲಬುರ್ಗಾ ಕಡೆಯ ಗಾಳಿಯಂತ್ರಗಳಿಂದ ಇಳಿಸಿದ ಗೇರ್‌ಬಾಕ್ಸನ್ನು ಓವರ್‌ಹಾಲ್‌ಗೆ ಎಲ್ಲಿಗೆ ಕಳಿಸಬೇಕು ಎಂದು ಕೇಳುವವರಿಗೆ ನಮ್ಮ ಉತ್ತರ, ಕೊಪ್ಪಳದ ಹೊಸಪೇಟೆ ಹೆದ್ದಾರಿ ಬದಿಯ ಈ ವರ್ಕ್‌ಶಾಪ್. ಬಿಚ್ಚಿ ಕೂಡಿಸುವವರು ಬೇರೆ ಕಡೆಯೂ ಇದ್ದಾರೆ. ಕೂಡಿಸಿದ ಮೇಲೆ ಪೂರ್ತಿ ಲೋಡ್ ಹಾಕಿ ಓಡಿಸುವವರು ಕಡಿಮೆ.

ಸಣ್ಣ ಮೋಟಾರ್ ಕಟ್ಟಿ ಖಾಲಿ ತಿರುಗಿಸಿ, ಸದ್ದಿಲ್ಲ, ಸೋರಿಕೆಯಿಲ್ಲ ಎಂದು ಸರ್ಟಿಫಿಕೇಟ್ ಕೊಟ್ಟರೆ ನಂಬಬೇಡಿ. ಖಾಲಿ ಓಟದಲ್ಲಿ ಹಲ್ಲಿನ ಮೇಲೆ ಭಾರ ಬೀಳುವುದೇ ಇಲ್ಲ. ನಡುವಿನ ಸನ್ ಗೇರಿನ ಸುತ್ತ ಓಡುವ ಪ್ಲಾನೆಟ್ ಗೇರುಗಳನ್ನು ಹಿಡಿದಿರುವ ಪಿನ್ ಜಾಗ ತಪ್ಪಿ ಕೂತಿದ್ದರೂ ತಿಳಿಯದು. ಅದಕ್ಕಿಂತ ಕೆಟ್ಟದ್ದೆಂದರೆ, ಭಾರವಿಲ್ಲದೆ 1500 ಆರ್‌ಪಿಎಂನಲ್ಲಿ ಗಂಟೆಗಟ್ಟಲೆ ಓಡಿದಾಗ ಜನರೇಟರ್ ಕಡೆಯ ಹೈಸ್ಪೀಡ್ ಶಾಫ್ಟಿನ ಬೇರಿಂಗ್‌ಗಳಲ್ಲಿ ರೋಲರ್ ಉರುಳದೆ ಜಾರುತ್ತದೆ. ಹೊಸ ಬೇರಿಂಗ್ ಗಾಳಿಯಂತ್ರ ಏರುವ ಮೊದಲೇ ಗಾಯಗೊಳ್ಳುತ್ತದೆ.

ಇಲ್ಲಿಯ ಪರೀಕ್ಷಾ ಬೆಂಚಿನಲ್ಲಿ ಎರಡು ಗೇರ್‌ಬಾಕ್ಸ್ ಎದುರುಬದುರು ಕೂರುತ್ತವೆ, ನಿಧಾನ ತಿರುಗುವ ಕಡೆಗಳನ್ನು ಒಂದಕ್ಕೊಂದು ಜೋಡಿಸಿ. ಒಂದು ಬೆಂಚಿನದ್ದೇ ಗೇರ್‌ಬಾಕ್ಸ್. ಮೋಟಾರಿನ ವೇಗ ಇಳಿಸಿ ಟಾರ್ಕ್ (ತಿರುಗಿಸುವ ಬಲ) ಏರಿಸಿ ಕೊಡುತ್ತದೆ. ಇನ್ನೊಂದು ನಮ್ಮದು, ವೇಗ ಏರಿಸಿ ಜನರೇಟರ್ ತಿರುಗಿಸುತ್ತದೆ. ಜನರೇಟರ್ ಕರೆಂಟು ಎರಡು ಡ್ರೈವ್ (ವಿದ್ಯುತ್ ನಿಯಂತ್ರಣ ಘಟಕ) ಮೂಲಕ ಮತ್ತೆ ಮೋಟಾರಿಗೇ ಹೋಗುತ್ತದೆ. ಹೀಗಾಗಿ 2 ಮೆಗಾವಾಟ್ ಪರೀಕ್ಷೆಗೆ ಜೆಸ್ಕಾಂ ಲೈನಿನಿಂದ ಎಳೆಯುವುದು ನಷ್ಟದ ಪಾಲನ್ನು ಮಾತ್ರ. ಪ್ರತಿ ಗೇರ್‌ಬಾಕ್ಸ್, ಪ್ರತಿ ಡ್ರೈವಿಗೆ 97%, ಮೋಟಾರ್ ಮತ್ತು ಜನರೇಟರಿಗೆ 96% ದಕ್ಷತೆ ಹಿಡಿದರೆ ಅದು ಸುಮಾರು 400 ಕಿಲೋವಾಟ್.

2 ಮೆಗಾವಾಟ್, 18 ಆರ್‌ಪಿಎಂ ಅಂದರೆ ನಿಧಾನ ಶಾಫ್ಟಿನಲ್ಲಿ 1061 ಕಿಲೋನ್ಯೂಟನ್ ಮೀಟರ್ ಟಾರ್ಕ್. ಅಷ್ಟನ್ನು ನೇರವಾಗಿ ಅಳೆಯುವ ಸಾಧನ ದುಬಾರಿ, ಆದ್ದರಿಂದ ಹೈಸ್ಪೀಡ್ ಕಡೆ ಅಳೆದು ಲೆಕ್ಕ ಹಾಕುತ್ತಾರೆ. ತಪ್ಪಲ್ಲ, ಆದರೆ ಬೆಂಚಿನ ಗೇರ್‌ಬಾಕ್ಸಿನ ನಷ್ಟವನ್ನು ಎಷ್ಟೆಂದು ಹಿಡಿದಿದ್ದಾರೆ ಎಂಬುದನ್ನು ರಿಪೋರ್ಟಿನಲ್ಲಿ ಬರೆಸಿಕೊಳ್ಳಿ.

ಮೌಂಟಿಂಗ್ ಕೆಲಸ ನೋಡಿದರೆ ಕೈ ಪಳಗಿದವರೆಂದು ಗೊತ್ತಾಗುತ್ತದೆ. ಗೇರ್‌ಬಾಕ್ಸ್ ತಾನೇ ತಿರುಗದಂತೆ ಹಿಡಿಯುವ ತೋಳುಗಳಾದ ಟಾರ್ಕ್ ಆರ್ಮ್‌ಗಳನ್ನು ಬೆಂಚಿಗೆ ಬಿಗಿಯಾಗಿ ಬೋಲ್ಟ್ ಮಾಡದೆ, ಗೋಪುರದ ತುದಿಯ ಯಂತ್ರದ ಗೂಡಾದ ನಾಸೆಲ್‌ನಲ್ಲಿ ಇರುವಂತೆಯೇ ರಬ್ಬರ್ ಬುಷ್ ಮೇಲೆ ಕೂರಿಸುತ್ತಾರೆ. ಬಿಗಿದು ಕಟ್ಟಿದರೆ ಅಲೈನ್‌ಮೆಂಟ್‌ನ ಸಣ್ಣ ದೋಷವೂ ಪ್ಲಾನೆಟ್‌ಗಳನ್ನು ಹೊತ್ತು ತಿರುಗುವ ಕ್ಯಾರಿಯರಿನ ಬೇರಿಂಗ್ ಮೇಲೆ ಬೀಳುತ್ತದೆ, ಹಲ್ಲಿನ ಗುರುತು ಸುಳ್ಳು ಹೇಳುತ್ತದೆ. ಶಾಫ್ಟನ್ನು ಅಮುಕಿ ಹಿಡಿಯುವ ಬಳೆಯಾದ ಶ್ರಿಂಕ್ ಡಿಸ್ಕ್ ಹಾಕುವ ಮುನ್ನ ಶಾಫ್ಟು ಮತ್ತು ಅದು ಕೂರುವ ರಂಧ್ರವನ್ನು ಎಣ್ಣೆಯ ಪಸೆ ಇಲ್ಲದಂತೆ ಒರೆಸುತ್ತಾರೆ. ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯದೆ, ಸಾಲಾಗಿ ಸುತ್ತುತ್ತಾ, ಒಂದೊಂದು ಸುತ್ತಿಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾರೆ. ಅವಸರ ಮಾಡಿದರೆ ಡಿಸ್ಕ್ ಓರೆಯಾಗಿ ಪೂರ್ತಿ ಲೋಡಿನಲ್ಲಿ ಶಾಫ್ಟು ಜಾರುತ್ತದೆ.

ಲೋಡನ್ನು 25, 50, 75, 100% ಎಂದು ಏರಿಸುತ್ತಾರೆ. ಹಲ್ಲುಗಳಿಗೆ ಮೊದಲೇ ನೀಲಿ ಲ್ಯಾಕರ್ ಬಳಿದಿರುತ್ತಾರೆ. ಪ್ರತಿ ಹಂತ ಮುಗಿದ ಮೇಲೆ ಇನ್ಸ್‌ಪೆಕ್ಷನ್ ಕವರ್ ತೆಗೆದು ಬಣ್ಣ ಎಲ್ಲಿ ಅಳಿಸಿದೆ ಎಂದು ನೋಡುತ್ತಾರೆ. ಲೋಡ್ ಏರಿದಂತೆ ಗುರುತು ಹಲ್ಲಿನ ಅಗಲಕ್ಕೆ ಹರಡಬೇಕು. ಪೂರ್ತಿ ಲೋಡಿನಲ್ಲೂ ಒಂದೇ ತುದಿಗೆ ಕಚ್ಚಿಕೊಂಡಿದ್ದರೆ ಲೀಡ್ ತಿದ್ದುಪಡಿ (ಹಲ್ಲಿನ ಅಗಲದುದ್ದಕ್ಕೂ ತಿದ್ದಿದ ಆಕಾರ) ಸರಿಯಿಲ್ಲ, ಇಲ್ಲವೇ ಬೇರಿಂಗ್ ಸಡಿಲ ಹೆಚ್ಚಿದೆ. ಅಂಥದ್ದನ್ನು ಒಪ್ಪಬೇಡಿ.

ಇನ್ನು ಕೊರತೆ. ಭಾರಕ್ಕೆ ಲೋಹ ಎಷ್ಟು ಹಿಗ್ಗಿತೆಂದು ಅಳೆಯುವ ಸ್ಟ್ರೇನ್ ಗೇಜ್ ನಾವಾಗಿ ಕೇಳಿದರೆ ಮಾತ್ರ ಅಂಟಿಸುತ್ತಾರೆ, ಅದಕ್ಕೆ ಬೇರೆ ಬಿಲ್ಲು. ದಯವಿಟ್ಟು ಕೇಳಿ. ಪ್ಲಾನೆಟ್‌ಗಳು ಭಾರವನ್ನು ಸಮನಾಗಿ ಹಂಚಿಕೊಳ್ಳುತ್ತಿವೆಯೇ ಎಂಬುದು ಬಣ್ಣದಿಂದಾಗಲಿ, ಹೌಸಿಂಗ್‌ನ ಕಂಪನದಿಂದಾಗಲಿ ನೇರವಾಗಿ ತಿಳಿಯುವುದಿಲ್ಲ. ಪ್ಲಾನೆಟ್‌ಗಳನ್ನು ಸುತ್ತುವರಿದ ರಿಂಗ್ ಗೇರಿನ ಮೇಲೆ ಗೇಜ್ ಅಂಟಿಸಿದರೆ ಪ್ಲಾನೆಟ್ ಹಾದುಹೋದಾಗಲೆಲ್ಲ ಪರದೆಯಲ್ಲಿ ಒಂದು ಶಿಖರ ಏಳುತ್ತದೆ: ಕ್ಯಾರಿಯರ್ 18 ಆರ್‌ಪಿಎಂನಲ್ಲಿದ್ದರೆ 3.3 ಸೆಕೆಂಡಿಗೆ ಒಂದು ಸುತ್ತು, ಪ್ಲಾನೆಟ್ ಮೂರಿದ್ದರೆ ಮೂರು ಶಿಖರ. ಮೂರರಲ್ಲಿ ಎತ್ತರದ್ದು ಸರಾಸರಿಯ 1.10 ಪಟ್ಟು ದಾಟಬಾರದು. ಪ್ರತಿ ಸುತ್ತಿನಲ್ಲೂ ಅದೇ ಶಿಖರ ಎತ್ತರವಿದ್ದರೆ ಆ ಪಿನ್ನಿನ ಸ್ಥಾನವನ್ನೂ, ಸನ್ ಗೇರನ್ನು ಅತ್ತಿತ್ತ ತೇಲಲು ಬಿಡುವ ಹಲ್ಲಿನ ಜೋಡಣೆ (ಸ್ಪ್ಲೈನ್) ಹಿಡಿದುಕೊಂಡಿದೆಯೇ ಎಂಬುದನ್ನೂ ಬಿಚ್ಚಿ ನೋಡಲೇಬೇಕು. ಕಂಪನದ ಸೆನ್ಸರ್‌ ಕಡೆಗೂ ಕಣ್ಣಿಡಿ. ರಿಂಗ್ ಗೇರಿಗೆ 90 ಹಲ್ಲಿದ್ದರೆ ಮೊದಲ ಹಂತದ ಮೆಶ್ ಫ್ರೀಕ್ವೆನ್ಸಿ (ಸೆಕೆಂಡಿಗೆ ಹಲ್ಲುಗಳು ಕೂಡುವ ಸಲ) 27 ಹರ್ಟ್ಜ್ ಅಷ್ಟೇ. ಅದಕ್ಕೆ ಕಡಿಮೆ ಫ್ರೀಕ್ವೆನ್ಸಿಯ ಸೆನ್ಸರ್ ಮತ್ತು ಕೆಲವು ನಿಮಿಷಗಳ ರೆಕಾರ್ಡಿಂಗ್ ಬೇಕು. ಕೆಲವೇ ಸೆಕೆಂಡಿನ ಡೇಟಾ ಕೊಟ್ಟರೆ ವಾಪಸ್ ಕಳಿಸಿ.

ಎಣ್ಣೆಯ ವಿಷಯದಲ್ಲಿ ಇವರು ಸುಧಾರಿಸಲೇಬೇಕು. ಸ್ಯಾಂಪಲನ್ನು ಫಿಲ್ಟರ್ ದಾಟಿದ ಮೇಲೆ ತೆಗೆಯುತ್ತಾರೆ, ಅಲ್ಲಿ ಎಣ್ಣೆ ಯಾವಾಗಲೂ ಚೊಕ್ಕವೇ. ಗೇರ್‌ಬಾಕ್ಸ್ ಓಡುತ್ತಿರುವಾಗ, ಫಿಲ್ಟರಿಗೆ ಮುಂಚೆ ತೆಗೆಯಲು ಹೇಳಿ. ಐಎಸ್‌ಒ 4406 ಎಂಬ, ಎಣ್ಣೆಯಲ್ಲಿನ ಕಣ ಎಣಿಸುವ ಲೆಕ್ಕದಲ್ಲಿ 17/15/12 ಒಳಗೆ ಬಂದರೆ ಮಾತ್ರ ಸಹಿ ಹಾಕಿ. ಬೆಂಚು ಮಟ್ಟಸವಾಗಿರುವುದು ಇನ್ನೊಂದು ತೊಂದರೆ. ನಾಸೆಲ್‌ನಲ್ಲಿ ಗೇರ್‌ಬಾಕ್ಸ್ ಸುಮಾರು 5 ಡಿಗ್ರಿ ಓರೆಯಾಗಿರುತ್ತದೆ, ಎಣ್ಣೆ ಒಂದು ಕಡೆ ಸರಿದು ನಿಲ್ಲುತ್ತದೆ. ಹಾಗಾಗಿ ಇಲ್ಲಿ ಸೀಲ್ ಸೋರಲಿಲ್ಲ ಎಂದ ಮಾತ್ರಕ್ಕೆ ಮೇಲೆಯೂ ಸೋರುವುದಿಲ್ಲ ಎನ್ನಲಾಗದು. ಏಪ್ರಿಲ್, ಮೇ ಬಿಸಿಲಿನಲ್ಲಿ ಕೂಲರ್ ಸೋಲುತ್ತದೆ. ಸಂಪಿನ ಎಣ್ಣೆ 80 ಡಿಗ್ರಿ ಮುಟ್ಟಿ ಪೂರ್ತಿ ಲೋಡಿನ ಹಂತವನ್ನು ಅರ್ಧಕ್ಕೇ ನಿಲ್ಲಿಸಿದರೆ ಅದನ್ನು ಪರೀಕ್ಷೆ ಎಂದು ಎಣಿಸಬೇಡಿ, ಮತ್ತೆ ಮಾಡಿಸಿ.

ಲಾರಿಗೆ ಏರಿಸುವ ಮುನ್ನ ಹೈಸ್ಪೀಡ್ ಶಾಫ್ಟ್ ಲಾಕ್ ಆಗಿದೆಯೇ, ಗಾಳಿಯಾಡುವ ಬ್ರೀದರ್ ಬಾಯಿ ಮುಚ್ಚಿದೆಯೇ ನೋಡಿ. ಈ ರಸ್ತೆಯ ಅದಿರು ಧೂಳು ಒಳಹೊಕ್ಕರೆ ಬೆಂಚಿನಲ್ಲಿ ಗಳಿಸಿದ ಶುಚಿ ದಾರಿಯಲ್ಲೇ ಹೋಗುತ್ತದೆ. ಬೆಂಚು ಒಂದೇ ಇರುವುದರಿಂದ ಸರದಿ ಉದ್ದ. ಗಾಳಿ ಹಂಗಾಮಿಗೆ ಯಂತ್ರ ಸಿದ್ಧವಿರಬೇಕಾದರೆ ಸಂಕ್ರಾಂತಿ ಹೊತ್ತಿಗೇ ಗೇರ್‌ಬಾಕ್ಸ್ ಇಲ್ಲಿಗೆ ಬಂದಿರಲಿ.