ಇಪ್ಪತ್ತು ಸುತ್ತು ಎಣಿಸಿದ ಮೇಸ್ತ್ರಿ

ಬೆಂಗಳೂರಿನ ಜೆ.ಸಿ. ರಸ್ತೆ ಪಕ್ಕದ ಗಲ್ಲಿಯಲ್ಲಿ ಬೋರ್ಡೇ ಇಲ್ಲದ ಗ್ಯಾರೇಜು. ನನ್ನ ಗಾಡಿ 1958ರ ಮಾರಿಸ್ ಮೈನರ್ ಅನ್ನೋ ಹಳೇ ಬ್ರಿಟಿಷ್ ಕಾರು, 948 ಸಿಸಿ. ಮೈಸೂರು ರಸ್ತೆಯಲ್ಲಿ ಸ್ಪೀಡ್ ಮೀಟರು 50 ಮೈಲಿ ತೋರಿಸಿದರೆ ಫೋನಿನ ಜಿಪಿಎಸ್ 87 ಕಿಲೋಮೀಟರ್ ಅನ್ನುತ್ತಿತ್ತು. 50 ಮೈಲಿ ಅಂದರೆ 80 ಅಲ್ವಾ? ನಂದಿ ಬೆಟ್ಟ ಹತ್ತುವಾಗಲೂ ಏದುಸಿರು. ಹಿಂದಿನ ಮಾಲೀಕರು ಆಕ್ಸಲ್ ಬದಲಿಸಿರಬೇಕು ಅಂತ ಅನುಮಾನ ಬಂತು.

ಮೊದಲು ತೋರಿಸಿದ ಇನ್ನೊಂದು ಗ್ಯಾರೇಜಿನಲ್ಲಿ ಒಂದು ಹಿಂದಿನ ಚಕ್ರ ಎತ್ತಿ, ಒಂದೇ ಸುತ್ತು ತಿರುಗಿಸಿದರು. "ಶಾಫ್ಟು ಎರಡು ಸುತ್ತು ಚಿಲ್ಲರೆ ತಿರುಗಿತು, ಕ್ರೌನ್-ಪಿನಿಯನ್ ಹೋಗಿದೆ, ಬಿಚ್ಚಬೇಕು" ಅಂದರು. (ಶಾಫ್ಟು ಅಂದರೆ ಪ್ರೊಪೆಲ್ಲರ್ ಶಾಫ್ಟು, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದ ಕಂಬಿ. ಅದರ ತುದಿಯ ಸಣ್ಣ ಹಲ್ಲುಚಕ್ರ ಪಿನಿಯನ್, ಅದು ತಿರುಗಿಸುವ ದೊಡ್ಡದು ಕ್ರೌನ್.) ಎದ್ದು ಬಂದೆ.

ಈ ಮೇಸ್ತ್ರಿಗೆ ಹೇಳಿದಾಗ ನಕ್ಕುಬಿಟ್ಟರು. "ಒಂದು ಚಕ್ರ ನೆಲದ ಮೇಲಿದ್ದರೆ ಲೆಕ್ಕ ಅರ್ಧ ಆಗುತ್ತೆ ಸಾರ್. ಚಕ್ರ ಎರಡು ಸುತ್ತು ಹೋದರೆ ಕ್ರೌನ್ ಒಂದೇ ಸುತ್ತು." ಮೊದಲು ಟೈರ್ ಸೈಜ್ ನೋಡಿದರು, ಅದು ಬೇರೆ ಇದ್ದರೂ ಮೀಟರು ತಪ್ಪುತ್ತೆ. ಅದು ಸರಿಯಿತ್ತು. ಮುಂದಿನ ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದು ಹಿಂದಿನ ಚಕ್ರ ಮಾತ್ರ ಎತ್ತಿದರು. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗೆರೆ. ಹುಡುಗ ಚಕ್ರ ತಿರುಗಿಸಿದ, ಮೇಸ್ತ್ರಿ ಕೆಳಗೆ ಮಲಗಿ ಎಣಿಸಿದರು. ಪೂರ್ತಿ 20 ಸುತ್ತು.

ಶಾಫ್ಟು 42 ಸುತ್ತು, ಮೇಲೆ ಕಾಲು ಸುತ್ತಿಗೆ ಚೂರು ಕಮ್ಮಿ. ಚಕ್ರ 20 ಸುತ್ತು ಅಂದರೆ ಕ್ರೌನ್ 10, ಹತ್ತರಿಂದ ಭಾಗಿಸಿದರೆ ಕ್ರೌನಿನ ಒಂದು ಸುತ್ತಿಗೆ ಶಾಫ್ಟು 4.22 ಸುತ್ತು. ಅಂದರೆ ಕ್ರೌನಿಗೆ 38 ಹಲ್ಲು, ಪಿನಿಯನ್ನಿಗೆ 9. ಇದು 1962ರ ನಂತರದ 1098 ಸಿಸಿ ಗಾಡಿಯದು! ನನ್ನ ಗಾಡಿಗೆ ಇರಬೇಕಾದದ್ದು 41ಕ್ಕೆ 9, ಅಂದರೆ 4.55. ಅದಾಗಿದ್ದರೆ ನಲವತ್ತೈದೂವರೆ ಸುತ್ತು ಬರುತ್ತಿತ್ತು. ಬರೀ ಎರಡು ಸುತ್ತು ತಿರುಗಿಸಿ ನೋಡಿದ್ದರೆ ನಾಲ್ಕೂಕಾಲೋ ನಾಲ್ಕೂವರೆಯೋ ಅಂತ ನಾವಿಬ್ಬರೂ ಸುಮ್ನೆ ಜಗಳ ಆಡಬೇಕಿತ್ತು.

ಹೌಸಿಂಗ್ ಬಿಚ್ಚಲೇ ಇಲ್ಲ. "ಹೈವೇಲಿ ಎಂಜಿನ್ನಿಗೆ ಇದೇ ಆರಾಮ. ಘಟ್ಟ ಜಾಸ್ತಿ ಹತ್ತೋದಿದ್ದರೆ ಹಳೇದು ಹುಡುಕೋಣ" ಅಂದರು. ನಾನು ಹಾಗೇ ಬಿಟ್ಟೆ. ಮೀಟರಿಗೆ ಎಂಟು ಪರ್ಸೆಂಟ್ ಸೇರಿಸಿ ಓದಿಕೊಳ್ಳುತ್ತೇನೆ.

ಕೊರತೆ ಇಲ್ಲದೆ ಇಲ್ಲ. ಹನ್ನೊಂದಕ್ಕೆ ಬನ್ನಿ ಅಂದವರು ಕೈ ಹಾಕಿದ್ದು ಎರಡು ಗಂಟೆಗೆ. ಗಾಡಿ ನಿಲ್ಲಿಸಲು ಜಾಗವಿಲ್ಲ, ಬಿಲ್ಲೂ ಇಲ್ಲ. ತೆಗೆದುಕೊಂಡದ್ದು 500 ರೂಪಾಯಿ, ಹುಡುಗನಿಗೆ ನಾನೇ 50 ಕೊಟ್ಟೆ. ಹೋಗುವುದಾದರೆ ಊಟ ಮುಗಿಸಿಕೊಂಡೇ ಹೋಗಿ.