ಮೇಡ್ ಇನ್ ಜಪಾನ್: ನನ್ನ ಓಟು ಇಂಗ್ಲೆಂಡಿನ ಪ್ಲೇಟಿಗೆ

ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ 'ಮೇಡ್ ಇನ್ ಜಪಾನ್' ಎಲ್‌ಪಿ (ಎರಡು ಪ್ಲೇಟು, ನಾಲ್ಕು ಸೈಡು) ನನ್ನ ಹತ್ತಿರ ಮೂರು ದೇಶದ್ದಿದೆ. ಜಪಾನ್, ಅಮೆರಿಕ, ಇಂಗ್ಲೆಂಡ್. ಮೂರನ್ನೂ ಒಂದೇ ಟರ್ನ್‌ಟೇಬಲ್ಲಿನಲ್ಲಿ, ಒಂದೇ ಸೂಜಿಯಲ್ಲಿ ಕೇಳಿದ್ದೇನೆ. ಒಂದನ್ನೇ ಇಟ್ಟುಕೋ ಅಂದರೆ ಇಂಗ್ಲೆಂಡಿನದು, ಯೋಚನೆಯೇ ಬೇಡ.

ತಮಾಷೆ ಏನೆಂದರೆ ಈ ಲೈವ್ ರೆಕಾರ್ಡು ಬೇಕು ಅಂತ ಹಟ ಹಿಡಿದದ್ದೇ ಜಪಾನಿನ ಕಂಪನಿ. ಬ್ಯಾಂಡಿಗೆ ಅಷ್ಟೇನೂ ಮನಸ್ಸಿರಲಿಲ್ಲ. 1972ರ ಆಗಸ್ಟ್‌ನಲ್ಲಿ ಒಸಾಕಾದಲ್ಲಿ ಎರಡು ರಾತ್ರಿ, ಟೋಕಿಯೊದ ಬುಡೋಕಾನ್‌ನಲ್ಲಿ ಒಂದು ರಾತ್ರಿ ನುಡಿಸಿದ್ದನ್ನು ಸೌಂಡ್ ಎಂಜಿನಿಯರ್ ಮಾರ್ಟಿನ್ ಬರ್ಚ್ ಎಂಟು ಟ್ರ್ಯಾಕ್ ಟೇಪಿಗೆ ಇಳಿಸಿದರು. ಜಪಾನಿನಲ್ಲಿ ಅದು 'ಲೈವ್ ಇನ್ ಜಪಾನ್' ಅಂತ ಬೇರೆ ಹೆಸರು, ಬೇರೆ ಕವರಿನಲ್ಲಿ ಬಂತು. ನಾವೆಲ್ಲ ನೋಡಿರುವ ಚಿನ್ನದ ಬಣ್ಣದ ಕವರ್ ಇಂಗ್ಲೆಂಡಿನದು, ಅದರ ಮೇಲಿನ ಫೋಟೊ ತೆಗೆದದ್ದು ಲಂಡನ್‌ನಲ್ಲಿ!

ನನ್ನ ಪರೀಕ್ಷೆ ಯಾವಾಗಲೂ ಮೊದಲ ಸೈಡಿನ 'ಚೈಲ್ಡ್ ಇನ್ ಟೈಮ್'. ಶುರುವಿನಲ್ಲಿ ಜಾನ್ ಲಾರ್ಡ್ ಆರ್ಗನ್ ತೀರಾ ಮೆಲ್ಲಗೆ ನುಡಿಸುತ್ತಾರೆ, ಅಲ್ಲಿ ಪ್ಲೇಟಿನ ಚಟಪಟ ಎಲ್ಲ ಬಯಲಾಗುತ್ತದೆ. ಆಮೇಲೆ ಹಾಡುಗಾರ ಗಿಲನ್ ಕಿರುಚುವ ಹೊತ್ತಿಗೆ ಸೂಜಿ ಲೇಬಲ್ ಹತ್ತಿರ ಬಂದಿರುತ್ತದೆ. ಒಳಗಿನ ಗೆರೆಗಳು ಸವೆದಿದ್ದರೆ ಕಿರುಚಾಟ ಹರಿದ ಬಟ್ಟೆಯ ಹಾಗೆ ಕೇಳುತ್ತದೆ.

ಜಪಾನಿನದು ಈ ಮೆಲ್ಲಗಿನ ಜಾಗದಲ್ಲಿ ಗೆದ್ದಿತು. ಚಟಪಟ ಸದ್ದೇ ಇಲ್ಲ. ಆದರೆ ನನ್ನ ಸೆಟ್ಟಿನಲ್ಲಿ ಡ್ರಮ್ಮರ್ ಇಯಾನ್ ಪೇಸ್‌ನ ಸಿಂಬಲ್ ಸ್ವಲ್ಪ ಜಾಸ್ತಿಯೇ ಚುಚ್ಚುತ್ತದೆ, ಬೇಸ್ ತೆಳು. ಅದಕ್ಕಿಂತ ಬೇಜಾರು ಬೆಲೆಯದು. ಕವರಿಗೆ ಸುತ್ತುವ ಕಾಗದದ ಓಬಿ ಪಟ್ಟಿ ಇದ್ದರೆ ಒಂದು ರೇಟು, ಸಾಹಿತ್ಯದ ಹಾಳೆ ಇದ್ದರೆ ಇನ್ನೊಂದು, ಮೊದಲ ಪ್ರಿಂಟಿನ ಜೊತೆ ಕೊಟ್ಟಿದ್ದ ಫೋಟೊ ನೆಗೆಟಿವ್ ಇದ್ದರೆ ಕೇಳಲೇಬೇಡಿ. ಕೇಳೋದು ಪ್ಲೇಟು, ದುಡ್ಡು ಕೊಡೋದು ಕಾಗದಕ್ಕೆ.

ಅಮೆರಿಕದ್ದು ಅಗ್ಗ, ಜೋರು, ಪರವಾಗಿಲ್ಲ. ಬ್ಯಾಂಡಿನ ಸ್ಟುಡಿಯೊ ರೆಕಾರ್ಡು ಆಗಷ್ಟೇ ಅಂಗಡಿಗೆ ಬಂದಿದ್ದರಿಂದ ಅಲ್ಲಿ ಇದನ್ನು 1973ರವರೆಗೆ ತಡೆದಿದ್ದರು.

ಇನ್ನು ಇಂಗ್ಲೆಂಡಿನದು. ನೇರಳೆ ಲೇಬಲ್, ನಂಬರ್ ಟಿಪಿಎಸ್‌ಪಿ 351. ಲಾರ್ಡ್ ಆರ್ಗನ್ನಿಗೆ ಒಂದು ಭಾರ ಇದೆ, ಬ್ಲ್ಯಾಕ್‌ಮೋರ್ ಗಿಟಾರ್ ಮುಂದೆ ಬಂದು ನಿಲ್ಲುತ್ತದೆ. ಆದರೆ ಇದನ್ನು ಕೊಳ್ಳುವಾಗ ಪಟ್ಟ ಪಾಡು ನನಗೇ ಗೊತ್ತು. ಮಾರುವವರೆಲ್ಲ 'ಫಸ್ಟ್ ಪ್ರೆಸ್', ಅಂದರೆ ಮೊದಲ ಸಲ ಒತ್ತಿದ ಪ್ಲೇಟು, ಅಂತಲೇ ಬರೆಯುತ್ತಾರೆ. ನೋಡಬೇಕಾದದ್ದು ಲೇಬಲ್ ಸುತ್ತಲಿನ ಖಾಲಿ ಜಾಗದ ಅಕ್ಷರಗಳನ್ನು. ಇಎಂಐ ಕಾರ್ಖಾನೆಯವರು ಪ್ಲೇಟು ಒತ್ತುವ ಅಚ್ಚಿನ ನಂಬರನ್ನು ಅಂಕಿಯಲ್ಲಿ ಬರೆಯದೆ ಗ್ರಾಮೊಫೋನ್ ಲಿಮಿಟೆಡ್ ಹೆಸರಿನ ಹತ್ತು ಅಕ್ಷರಗಳಲ್ಲಿ ಬರೆಯುತ್ತಿದ್ದರು: ಜಿ ಅಂದರೆ 1, ಆರ್ ಅಂದರೆ 2, ಎ ಅಂದರೆ 3, ಹೀಗೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ.

ನನಗೆ ಮಾರಿದವರು ಫೋಟೊ ಕಳಿಸಿದ್ದರು, ಅಕ್ಷರಗಳೂ ಸರಿಯಿದ್ದವು. ಆದರೆ ಅವೆಲ್ಲ ಮೊದಲ ಪ್ಲೇಟಿನವು. ಪಾರ್ಸಲ್ ಬಿಚ್ಚಿದರೆ ಎರಡನೆಯದರ ಕಥೆಯೇ ಬೇರೆ. ಕಾರ್ಖಾನೆಯಲ್ಲೇ ಅಚ್ಚು ಬದಲಾಗಿ ಎರಡು ಪ್ಲೇಟಿಗೆ ಬೇರೆ ಬೇರೆ ನಂಬರ್ ಬರುವುದುಂಟು, ಅದು ತಪ್ಪಲ್ಲ. ಆದರೆ ಮೊದಲನೆಯದರ ತೂತಿನ ಸುತ್ತ ಒಂದು ಗೀರೂ ಇಲ್ಲ; ಎರಡನೆಯದರಲ್ಲಿ ಕತ್ತಲಲ್ಲಿ ತಡಕಾಡಿ ಸ್ಪಿಂಡಲ್ಲಿಗೆ (ಟರ್ನ್‌ಟೇಬಲ್ ನಡುವಿನ ಕಡ್ಡಿಗೆ) ಹಾಕಿದಾಗ ಬಿದ್ದ ಬೂದು ಗೆರೆಗಳು ಲೇಬಲ್ ತುಂಬಾ. ಒಂದೇ ಮನೆಯಲ್ಲಿ ಬೆಳೆದ ಜೋಡಿ ಖಂಡಿತ ಅಲ್ಲ. ಎರಡು ಸೆಟ್ಟಿನಿಂದ ಒಂದು ಸೆಟ್ಟು ಮಾಡಿದ್ದಾರೆ, ಅಷ್ಟೇ. ಕೇಳಿದ್ದಕ್ಕೆ 'ಪ್ಲೇ ಆಗುತ್ತದಲ್ವಾ' ಅಂದರು. ಆಗುತ್ತದೆ, ನಾಲ್ಕನೇ ಸೈಡಿನ 'ಸ್ಪೇಸ್ ಟ್ರಕಿನ್' ಹತ್ತೊಂಬತ್ತು ಚಿಲ್ಲರೆ ನಿಮಿಷವೂ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಆಗುತ್ತದೆ.

ಆದರೂ ಇಂಗ್ಲೆಂಡಿನದೇ ಯಾಕೆ? ನಾನು ಜಾಸ್ತಿ ಕೇಳುವುದು ಮೊದಲ ಎರಡು ಸೈಡು, ಅವು ಅಚ್ಚುಕಟ್ಟಾಗಿವೆ. ರಾತ್ರಿ ಸಣ್ಣ ಸೌಂಡಿನಲ್ಲಿ ಕೇಳುವವನಿಗೆ ಬೇಸ್ ದಪ್ಪಗಿದ್ದರೇ ಚೆನ್ನ. ಭಾವ ಲಂಡನ್‌ನಿಂದ ಬರುವಾಗ ಸೂಟ್‌ಕೇಸಿನಲ್ಲಿ ತರುತ್ತಾರೆ, ಕೊರಿಯರ್ ಖರ್ಚೂ ಇಲ್ಲ. ನೀವು ಹೆಡ್‌ಫೋನ್ ಹಾಕಿಕೊಂಡು ಒಂದು ಚಟಪಟವನ್ನೂ ಸಹಿಸದವರಾದರೆ ಓಬಿ ಇಲ್ಲದ ಜಪಾನ್ ಕಾಪಿ ಹುಡುಕಿ. ಇಂಗ್ಲೆಂಡಿನದೇ ಬೇಕೆಂದರೆ ನಾಲ್ಕೂ ಸೈಡಿನ ಫೋಟೊ ಬರುವವರೆಗೆ ದುಡ್ಡು ಹಾಕಬೇಡಿ.